ಎರಡು ಮೈ, ಒಬ್ಬಳೇ ಅವಳು

"ಎವ್ರಿಬಡಿ ಆರ್ ಸೇಫ್?"

ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನ ಹೊರಗಿನಿಂದ ಗಂಡಸಿನ ದನಿ ಕೇಳಿತು. ಒಳಗೆ ಕತ್ತಲು. ಇಂಗ್ಲಿಷ್ ಟೀಚರಮ್ಮನಿಗೆ ಜೀವ ಬಾಯಿಗೆ ಬಂದಿತ್ತು. ಆದರೂ ಅಭ್ಯಾಸ ಬಿಡಬೇಕಲ್ಲ!

"ಎವ್ರಿಬಡಿ ಬಂದ್ರೆ 'ಈಸ್' ಕಣ್ರೀ! 'ಆರ್' ಅಲ್ಲ!"

ಹೊರಗಿನಿಂದ ನಗು ಕೇಳಿತು.

"ಒಳಗೆ ಎಷ್ಟು ಜನ ಇದ್ದೀರಿ ಮೇಡಂ?"

"ನಾನೊಬ್ಬಳೇ!"

ಬಾಗಿಲು ತೆರೆದುಕೊಂಡಿತು. ಗ್ರೀಸ್ ಮೆತ್ತಿದ ಕೈಯೊಂದು ಮುಂದೆ ಬಂತು. ಅದನ್ನು ಹಿಡಿದು ಮೇಲೆ ಹತ್ತಿದವಳ ಎದೆ ಢವಢವ ಹೊಡೆದುಕೊಂಡದ್ದು ಭಯಕ್ಕೋ, ಆ ಲಿಫ್ಟ್ ಮೆಕ್ಯಾನಿಕ್‌ನ ನಗುವಿಗೋ... ಅವಳಿಗೇ ತಿಳಿಯಲಿಲ್ಲ.

ಮುಂದಿನ ವಾರ ಅವನು ಅವಳ ಸಂಜೆ ಕ್ಲಾಸಿಗೇ ಬಂದು ಕುಳಿತ!

"ಈಸ್ ಎಲ್ಲಿ, ಆರ್ ಎಲ್ಲಿ ಅಂತ ಕಲೀಬೇಕು ಟೀಚರ್. ಇಲ್ದಿದ್ರೆ ಲಿಫ್ಟೊಳಗಿರೋರು ಬೈತಾರೆ!"

ಕಲಿತನೇ? ಎಲ್ಲಿಂದ ಬಂತು! "ಅಂಡ್" ಕಂಡರೆ ಸಾಕು, ಕಣ್ಣು ಮುಚ್ಚಿ "ಆರ್" ಹಾಕುತ್ತಿದ್ದ. ಬೈದರೆ ತಲೆ ಕೆರೆದುಕೊಂಡು ನಗುತ್ತಿದ್ದ. ಆ ನಗು ನೋಡಲೆಂದೇ ಇವಳು ಎರಡೆರಡು ಸಲ ಬೈಯುತ್ತಿದ್ದಳು, ಕಳ್ಳಿ!

ಆದರೆ ಕ್ಲಾಸು ಮುಗಿದ ಮೇಲೆ ಅವನ ಬೈಕ್ ಹತ್ತಿ ಹೋಗುತ್ತಿದ್ದವಳು ಮುಂದಿನ ಬೆಂಚಿನ ನರ್ಸ್ ಹುಡುಗಿ. ಕಿಟಕಿಯಿಂದ ಅದನ್ನು ನೋಡಿದಾಗಲೆಲ್ಲ ಇವಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಕೊನೆಯ ಕ್ಲಾಸು ಬಂದೇ ಬಿಟ್ಟಿತು. ಇವತ್ತು ಕಳೆದರೆ ಅವನು ಇನ್ನು ಬರುವುದಿಲ್ಲ...

"ಅಂಡ್ ಹಾಕಿ ಒಂದೊಂದು ವಾಕ್ಯ ಬರೀರಿ," ಎಂದಳು.

ಅವನು ಬೋರ್ಡಿನ ಮುಂದೆ ನಿಂತ. ಚಾಕ್‌ಪೀಸು ಎತ್ತಿಕೊಂಡು ಬರೆದ.

"ಮೈ ಟೀಚರ್ ಅಂಡ್ ಮೈ ಲವರ್ ಆರ್ ಇನ್ ದಿಸ್ ರೂಮ್."

ಕ್ಲಾಸಿಗೆ ಕ್ಲಾಸೇ ಹೋ ಎಂದಿತು! ಇವಳ ಕಣ್ಣು ನೇರ ನರ್ಸ್ ಕಡೆ ಹೋಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

'ಅಂದ್ರೆ ನಾನು ಬರೀ ಟೀಚರ್... ಪ್ರೀತಿ ಅವಳ ಮೇಲೆ...'

"ಸರಿ ಇದೆ," ಎಂದಳು ದನಿ ಗಟ್ಟಿ ಮಾಡಿಕೊಂಡು. "'ಮೈ' ಎರಡು ಸಲ ಬಂದಿದೆ. ಟೀಚರ್ ಬೇರೆ, ಆ... ಆ ಹುಡುಗಿ ಬೇರೆ. ಇಬ್ಬರಾದ್ರಿಂದ 'ಆರ್'. ಅಂತೂ ಕಲಿತ್ರಿ. ಕೂತ್ಕೊಳ್ಳಿ."

ಅವನು ಗಾಬರಿಯಾದ.

"ಅಯ್ಯೋ, ಹಾಗಾದ್ರೆ ತಪ್ಪಾಯ್ತು ಟೀಚರ್! ಇಬ್ಬರಲ್ಲ!"

"ಮತ್ತೆ?"

"ಇಬ್ಬರೂ... ಒಬ್ಬರೇ."

ಎಲ್ಲರ ಕಣ್ಣೂ ಟೀಚರ್ ಮೇಲೆ. ಪಾಪ, ಟೀಚರ್ ಕಣ್ಣು ಮಾತ್ರ ಇನ್ನೂ ನರ್ಸ್ ಮೇಲೆಯೇ!

"ನನ್ನನ್ಯಾಕೆ ಗುರಾಯಿಸ್ತೀರಿ ಟೀಚರ್?" ನರ್ಸ್ ನಗುತ್ತಲೇ ಎದ್ದು ನಿಂತಳು. "ಇವನು ನಮ್ಮ ದೊಡ್ಡಮ್ಮನ ಮಗ. ನಂಗೆ ಅಣ್ಣ! ದಿನಾ ಬೈಕ್ ಮೇಲೆ ನಿಮ್ಮ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ!"

ಇವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು! ಡಸ್ಟರ್ ಎತ್ತಿಕೊಂಡು ಎರಡನೆಯ "ಮೈ" ಅಳಿಸಿದಳು. "ಆರ್" ಅಳಿಸಿದಳು. ಅವನ ಕಡೆ ತಿರುಗಿದಳು.

"ಒಬ್ಬಳೇ ಆದ್ರೆ ಏನು ಬರುತ್ತೆ?"

"ಈಸ್..."

"ಬರೀರಿ."

ಬರೆದ.

"ಈಗ ಸರಿನಾ ಟೀಚರ್?"

"ವ್ಯಾಕರಣ ಸರಿ."

"ಮತ್ತೆ... ವಿಷಯ?"

"ಅದು ಮೊದಲಿಂದ್ಲೂ ಸರಿನೇ ಇತ್ತು ಕಣೋ... ನೀನೇ ಬರೆಯೋಕೆ ತಡ ಮಾಡ್ದೆ!"