ಶಾಫ್ಟಿನ ಮೇಲಿನ ಬಿಳಿ ಗೆರೆ

“ದೊಡ್ಡ ಸ್ಪ್ಯಾನರ್ ಕೊಡೇ ಅಂದ್ರೆ ಸಣ್ಣದು ಕೊಡ್ತೀಯಲ್ಲ. ನಿನ್ನ ಕಣ್ಣೇನು ರಜಾ ಹಾಕಿ ಹೋಗಿದ್ಯಾ?”

ಹಳೇ ಟ್ರಕ್ಕಿನ ಕೆಳಗಿನಿಂದ ಅಮ್ಮನ ಕೈ ಮಾತ್ರ ಹೊರಗೆ ಕಾಣುತ್ತಿತ್ತು. ಮೊಣಕೈವರೆಗೂ ಕಪ್ಪು ಗ್ರೀಸು. ಮಗಳು ಗಿರಗಿಟ್ಲೆ ಸ್ಪ್ಯಾನರ್ ಡಬ್ಬಿಯಲ್ಲಿ ಗಡಗಡ ತಡಕಾಡಿ ದೊಡ್ಡದನ್ನು ಹುಡುಕಿ ಆ ಕೈಗೆ ಇಟ್ಟಳು. ಕೈ ಸರ್ರನೆ ಒಳಗೆ ಹೋಯಿತು.

ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಒಂದು ಕಡೆ ಒಂದು ಗಳಿಗೆ ನಿಲ್ಲದ ಹುಡುಗಿ ಅಂತ ತಾತ ಇಟ್ಟ ಹೆಸರೇ ಗೋಂದಿನ ಹಾಗೆ ಅಂಟಿಕೊಂಡಿತ್ತು.

ಅಮ್ಮ ಮೆಕ್ಯಾನಿಕ್. ಅವಳಿಗೆ ಕೆಲಸ ಕಲಿಸಿದವನು ಅವಳ ಅಪ್ಪ, ಅಂದರೆ ತಾತ. ಈಗ ತಾತನಿಗೆ ಬಗ್ಗುವುದು ಕಷ್ಟ, ಭಾರ ಎತ್ತುವುದು ಇನ್ನೂ ಕಷ್ಟ. ಉಳಿದಿದ್ದು ಒಂದೇ ಕೆಲಸ. ಗುರುತು ಹಾಕುವುದು.

“ತಡಿಯಮ್ಮಾ, ಬಿಚ್ಚಬೇಡ. ಗೆರೆ ಎಳೆದಿಲ್ಲ ಇನ್ನೂ,” ಎಂದ ತಾತ. ಉಸ್ಸಪ್ಪಾ ಅನ್ನುತ್ತಾ ಮಂಡಿಯೂರಿ, ತಲೆ ಮಾತ್ರ ಟ್ರಕ್ಕಿನ ಕೆಳಗೆ ತೂರಿಸಿದ. ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆದ.

ಆ ಟ್ರಕ್ಕು ಶೆಡ್ಡಿನ ಹಿಂದೆ ನಿಂತು ಎಷ್ಟೋ ವರ್ಷವಾಗಿತ್ತು. ಸೀಟಿನಲ್ಲಿ ಹುಲ್ಲು ಬೆಳೆದಿತ್ತು. ಆದರೆ ಅದು ಫೋರ್ ವೀಲ್ ಡ್ರೈವ್. ಬೇರೆ ಟ್ರಕ್ಕುಗಳಲ್ಲಿ ಹಿಂದಿನ ಚಕ್ರ ಮಾತ್ರ ತಳ್ಳುತ್ತವೆ. ಇದರಲ್ಲಿ ಮುಂದಿನವೂ ಎಳೆಯುತ್ತವೆ. ಅದಕ್ಕೇ ಮುಂದಿನ ಚಕ್ರಗಳಿಗೂ ಒಂದು ಉದ್ದನೆಯ ಕಬ್ಬಿಣದ ಶಾಫ್ಟು. ಇಂಜಿನ್ನು ತಿರುಗಿದರೆ ಶಾಫ್ಟು ತಿರುಗುತ್ತದೆ, ಶಾಫ್ಟು ತಿರುಗಿದರೆ ಚಕ್ರ ತಿರುಗುತ್ತದೆ.

ಊರಿಗೆ ನೀರು ಹೊರುವ ಟ್ರಕ್ಕೂ ಇದೇ ಜಾತಿಯದು. ಅದರ ಮುಂದಿನ ಶಾಫ್ಟು ಬಂಡೆಗೆ ಬಡಿದು ಬಾಗಿಹೋಗಿತ್ತು. ಹಳೇ ಟ್ರಕ್ಕಿನದನ್ನು ಬಿಚ್ಚಿ ಅದಕ್ಕೆ ಹಾಕಬೇಕಿತ್ತು. ಶಾಫ್ಟಿಲ್ಲದೆ ನೀರಿನ ಟ್ರಕ್ಕು ಮೇಲಿನ ಬೀದಿಯ ಕೆಸರಿನ ಏರು ಹತ್ತುವುದಿಲ್ಲ. ಮೇಲಿನ ಬೀದಿಯವರು ಖಾಲಿ ಕೊಡ ಇಟ್ಟುಕೊಂಡು ಕಾಯುತ್ತಿದ್ದರು.

ತಾತ ಶಾಫ್ಟಿನ ಒಂದು ಜಾಗವನ್ನು ಬಟ್ಟೆಯಿಂದ ಒರೆಸಿ, ಉದ್ದಕ್ಕೆ ಒಂದು ಬಿಳಿ ಗೆರೆ ಎಳೆದ. “ಇದು ಒಂದೇ ಕೊಳವೆ ಅಂದ್ಕೋಬೇಡ ಗಿರಗಿಟ್ಲೆ. ಎರಡು ತುಂಡು ಒಂದರೊಳಗೊಂದು ಕೂತಿದೆ. ಗೆರೆ ಎರಡರ ಮೇಲೂ ಹಾದು ಹೋಗಿದೆ ನೋಡು. ಬೇರೆ ಆದ್ರೂ, ಗೆರೆಗೆ ಗೆರೆ ಸೇರಿಸಿದ್ರೆ ಇದ್ದಲ್ಲೇ ಕೂರುತ್ತೆ.”

“ಸುಮ್ನೆ ಬಿಟ್ರೆ ನನ್ನ ತಲೆಗೂ ಕುತ್ತಿಗೆಗೂ ಒಂದು ಗೆರೆ ಎಳೀತೀಯ ನೀನು,” ಎಂದಳು ಅಮ್ಮ ಒಳಗಿನಿಂದ.

“ಎಳೀಬೇಕಮ್ಮಾ. ನಿನ್ನ ತಲೆ ಆಗಾಗ ಜಾಗ ತಪ್ಪುತ್ತೆ.”

ತಾತ ಹಾಗೆಯೇ. ಗಿರಗಿಟ್ಲೆಯ ಊಟದ ಡಬ್ಬಿಗೂ ಅವನದೊಂದು ಗೆರೆ ಇತ್ತು. ಒಮ್ಮೆ ಜಾಕಿನ ಕೆಳಗೆ ಸಿಕ್ಕಿ ಡಬ್ಬಿ ನೆಗ್ಗಿತ್ತು. ಆಮೇಲೆ ಮುಚ್ಚಳ ಒಂದೇ ರೀತಿಯಲ್ಲಿ ಕೂರುತ್ತಿತ್ತು. ಮುಚ್ಚಳದಿಂದ ಡಬ್ಬಿಯವರೆಗೆ ತಾತ ದಿನಾ ಬೆಳಿಗ್ಗೆ ಒಂದು ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಸಂಜೆ ತೊಳೆದಾಗ ಅಳಿಸಿಹೋಗುತ್ತಿತ್ತು, ಬೆಳಿಗ್ಗೆ ಮತ್ತೆ ಹುಟ್ಟುತ್ತಿತ್ತು.

ಬೋಲ್ಟುಗಳು ಬಿಚ್ಚಿ ಬಂದವು. ಶಾಫ್ಟು ಹೊರಗೆ ಬಂತು. ಅಮ್ಮ ಅದನ್ನು ಗೋಣಿಚೀಲದ ಮೇಲೆ ಮಲಗಿಸಿದಳು.

“ಮೇಲಿನ ಮಣ್ಣು ಒರೆಸು. ಅಷ್ಟೇ. ಬೇರೇನೂ ಮುಟ್ಟಬೇಡ. ತಿಳೀತಾ?”

“ತಿಳೀತು,” ಎಂದಳು ಗಿರಗಿಟ್ಲೆ.

ಅಮ್ಮ, ತಾತ ಇಬ್ಬರೂ ನೀರಿನ ಟ್ರಕ್ಕಿನ ಕಡೆ ಹೋದರು.

ಮಣ್ಣು ಒರೆಸಿದ ಮೇಲೂ ಶಾಫ್ಟು ಮಂಕಾಗಿಯೇ ಇತ್ತು. ಫಳಫಳ ಅನ್ನಿಸಿದರೆ ಅಮ್ಮ ಎಷ್ಟು ಖುಷಿಪಡುತ್ತಾಳೆ! ಗಿರಗಿಟ್ಲೆ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿದಳು. ತಿಕ್ಕುತ್ತಾ ತಿಕ್ಕುತ್ತಾ ಗೆರೆ ಮಸುಕಾಯಿತು, ಆಮೇಲೆ ಇಲ್ಲವೇ ಇಲ್ಲ. ಹೋದರೆ ಹೋಗಲಿ, ಶಾಫ್ಟೇನೂ ಎರಡು ತುಂಡಾಗಿಲ್ಲವಲ್ಲ ಅಂದುಕೊಂಡಳು.

ಆಗಲೇ ಒಂದು ತುದಿ ಕೊಂಚ ಜಾರಿದ್ದು. ಎಳೆದರೆ ಹೊರಗೆ, ತಳ್ಳಿದರೆ ಒಳಗೆ. ಸೈಕಲ್ ಪಂಪಿನ ಹಾಗೆ. ಹೊರಗೆ, ಒಳಗೆ, ಹೊರಗೆ, ಒಳಗೆ. ಇನ್ನೊಂಚೂರು ಹೊರಗೆ.

ಸುಳುಕ್ ಅಂತ ಶಾಫ್ಟು ಎರಡಾಯಿತು. ಒಂದು ತುಂಡು ಅವಳ ಮಡಿಲಿಗೇ ಬಿತ್ತು.

ಒಳಗೆ ಸುತ್ತಲೂ ಸಾಲಾಗಿ ಸಣ್ಣ ಹಲ್ಲುಗಳಿದ್ದವು. ಹೊಂದಿಸಿ ತಳ್ಳಿದಳು. ಹೋಗಲಿಲ್ಲ. ಚೂರು ತಿರುಗಿಸಿ ತಳ್ಳಿದಳು. ಹೋಯಿತು. ಸುತ್ತ ನೋಡಿದಳು. ಯಾರೂ ಇರಲಿಲ್ಲ.

“ಅಬ್ಬಾ, ಮುಖ ನೋಡ್ಕೋಬಹುದಲ್ಲೇ ಇದರಲ್ಲಿ,” ಎಂದಳು ಅಮ್ಮ ವಾಪಸ್ ಬಂದು. ಅವಸರದಲ್ಲಿದ್ದಳು. ಶಾಫ್ಟನ್ನು ಹೆಗಲ ಮೇಲೆ ಹೊತ್ತು ಹೋದಳು.

ಗಿರಗಿಟ್ಲೆ ಹೇಳಬೇಕು ಅಂತ ಬಾಯಿ ತೆರೆದಿದ್ದಳು. ಹೊಗಳಿಕೆ ಕೇಳಿ ಮುಚ್ಚಿಬಿಟ್ಟಳು.

ಮರುದಿನ ಸಂಜೆ ನೀರಿನ ಟ್ರಕ್ಕು ಗಡಗಡ ನಡುಗುತ್ತಾ ಶೆಡ್ಡಿಗೆ ಬಂತು.

“ಅಕ್ಕಾ, ಇದೇನು ಗಾಡಿಯೋ ಉಯ್ಯಾಲೆಯೋ?” ಡ್ರೈವರ್ ಮಾಮ ಕೆಳಗೆ ಹಾರಿ ಸೊಂಟ ಹಿಡಿದುಕೊಂಡ. “ಸ್ಪೀಡ್ ಕೊಟ್ರೆ ಹಲ್ಲು ಕಟಕಟ ಅನ್ನುತ್ತೆ. ಮೇಲಿನ ಬೀದಿಯವರು ನಗ್ತಾರೆ, ನೀರು ತಂದ್ಯೋ ಕುಲುಕಿ ಮಜ್ಜಿಗೆ ಮಾಡ್ಕೊಂಡು ಬಂದ್ಯೋ ಅಂತ.”

ಅಮ್ಮ ಟ್ರಕ್ಕಿನ ಕೆಳಗೆ ಹೋದಳು. ಶಾಫ್ಟು ಬಿಚ್ಚಿ ತಂದು, ಒಂದು ಕಣ್ಣು ಮುಚ್ಚಿ, ಆ ತುದಿಯಿಂದ ಈ ತುದಿಗೆ ನೋಡಿದಳು.

“ಎರಡು ತುದೀನೂ ಒಂದೇ ಸಾಲಲ್ಲಿ ಇರ್ಬೇಕಿತ್ತು. ಒಂದು ಹಲ್ಲು ಜರುಗಿದೆ. ಯಾರೋ ಎಳೆದು ಮತ್ತೆ ಸೇರಿಸಿದಾರೆ. ಅಪ್ಪಾ, ಗ್ರೀಸ್ ಹಾಕೋಕೆ ನೀನು ಎಳೆದ್ಯಾ?”

“ಇಲ್ವಲ್ಲಮ್ಮಾ,” ಎಂದ ತಾತ. “ಗುರುತು ನೋಡು.”

“ಗುರುತೇ ಇಲ್ಲ. ನೀನು ಹಾಕಿಲ್ಲ.”

“ಹಾಕಿದ್ನಲ್ಲ.” ತಾತ ಬಗ್ಗಿ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಕಬ್ಬಿಣ ಫಳಫಳ ಹೊಳೆಯುತ್ತಿತ್ತು. “ಹಾಕಿದ್ದೆ ಅಂತ ನೆನಪು. ಹಿಂದಿನ ಶಾಫ್ಟಿಗೆ ಹಾಕಿದ್ನೋ ಏನೋ. ಎಳೆದೂ ಇರಬಹುದು.”

ಗಿರಗಿಟ್ಲೆ ಸ್ಪ್ಯಾನರ್ ಡಬ್ಬಿಯ ಪಕ್ಕ ಅಲ್ಲಾಡದೆ ನಿಂತಿದ್ದಳು.

ಅಮ್ಮ ಶಾಫ್ಟು ಎಳೆದು, ಒಂದು ಹಲ್ಲು ತಿರುಗಿಸಿ, ಸೇರಿಸಿದಳು. ಗಂಟೆಯೊಳಗೆ ಎಲ್ಲ ಸರಿಹೋಯಿತು. ಟ್ರಕ್ಕು ಬೆಣ್ಣೆಯ ಹಾಗೆ ಓಡಿತು.

“ಬೇಜಾರ್ ಮಾಡ್ಕೋಬೇಡಪ್ಪಾ,” ಎಂದಳು ಅಮ್ಮ ಡ್ರೈವರ್ ಮಾಮನಿಗೆ. “ನಮ್ಮಪ್ಪನಿಗೆ ವಯಸ್ಸಾಯ್ತು. ಇನ್ಮೇಲೆ ಗುರುತು ನಾನೇ ಹಾಕ್ತೀನಿ.”

“ಅಯ್ಯೋ, ಬಿಡಕ್ಕಾ. ಮೇಸ್ತ್ರಿ ಹಾಕಿದ ಗುರುತು ಒಂದಾ ಎರಡಾ?” ಎಂದ ಡ್ರೈವರ್ ಮಾಮ. ಅವನ ದನಿ ಮೆತ್ತಗಿತ್ತು. ಮೆತ್ತಗಿದ್ದದ್ದೇ ಕೇಳಲು ಕಷ್ಟವಾಗಿತ್ತು.

ತಾತ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ಅಮ್ಮನ ಕೈಗಿಟ್ಟ. ಅಮ್ಮ ಅದನ್ನು ಜೇಬಿಗೆ ಹಾಕಿಕೊಂಡಳು. ತಾತ ಹೊರಗೆ ಹೋಗಿ ಸ್ಟೂಲಿನ ಮೇಲೆ ಕೂತ. ಕಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ಈಗ ಹೇಳಿ ಏನು ಉಪಯೋಗ, ಟ್ರಕ್ಕು ಸರಿಹೋಯಿತಲ್ಲ ಅಂದುಕೊಂಡಳು ಗಿರಗಿಟ್ಲೆ. ರಾತ್ರಿಯೂ ಅದನ್ನೇ ಅಂದುಕೊಂಡಳು.

ಮರುದಿನ ಶಾಲೆಯಲ್ಲಿ ಊಟದ ಬೆಲ್ ಹೊಡೆಯಿತು.

“ಏನೇ ಇದು, ಇವತ್ತು ನಿನ್ನ ಡಬ್ಬಿಗೆ ಲೈನೇ ಇಲ್ಲ?” ಪಕ್ಕದ ಬೆಂಚಿನವಳು ಕೇಳಿದಳು. ದಿನಾ ಆ ಗೆರೆ ನೋಡಿ ನಗುವವಳು ಅವಳೇ. “ನಿಮ್ಮ ತಾತ ರಿಟೈರ್ ಆದ್ರಾ?”

ಗಿರಗಿಟ್ಲೆ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಎರಡು ತುತ್ತು ತಿಂದು ಮುಚ್ಚಳ ಒತ್ತಿದಳು. ಈ ಕಡೆ ಒತ್ತಿದರೆ ಆ ಕಡೆ ಏಳುತ್ತಿತ್ತು. ಮನೆಗೆ ಬರುವಷ್ಟರಲ್ಲಿ ಎಣ್ಣೆ ಸೋರಿ ಗಣಿತದ ಪುಸ್ತಕದ ಮೂಲೆ ಪಾರದರ್ಶಕವಾಗಿತ್ತು.

ದಾರಿಯಲ್ಲಿ ಅವಳಿಗೊಂದು ಉಪಾಯ ಹೊಳೆದಿತ್ತು. ಮೇಷ್ಟ್ರ ಬೋರ್ಡಿನ ಕೆಳಗೆ ಬಿದ್ದಿದ್ದ ಒಂದು ಬಿಳಿ ಚಾಕ್ ಚೂರು ಅವಳ ಜೇಬಿನಲ್ಲಿತ್ತು. ಮುಂದೆ ಬೇಕಾದೀತು ಅಂತ ಅಮ್ಮ ಹಳೇ ಟ್ರಕ್ಕಿನ ಹಿಂದಿನ ಶಾಫ್ಟನ್ನೂ ಬಿಚ್ಚಿ ಇಟ್ಟಿದ್ದಳು. ಈಗ ಚಹಾ ಕುಡಿಯಲು ಒಳಗೆ ಹೋಗಿದ್ದಳು. ಗಿರಗಿಟ್ಲೆ ಬೆಕ್ಕಿನ ಹಾಗೆ ಹೋಗಿ, ಶಾಫ್ಟಿನ ಮೇಲೆ ಥೇಟು ತಾತನ ಹಾಗೆ ಒಂದು ಗೆರೆ ಎಳೆದಳು. ಅಮ್ಮ ನೋಡುತ್ತಾಳೆ. ಅಪ್ಪ ಮರೆತಿಲ್ಲ, ಗುರುತು ಹಾಕೇ ಹಾಕುತ್ತಾನೆ ಅನ್ನುತ್ತಾಳೆ. ಸೀಮೆಸುಣ್ಣ ವಾಪಸ್ ಕೊಡುತ್ತಾಳೆ. ಅಷ್ಟೇ, ಮುಗೀತು.

ಅಮ್ಮ ಬಂದಳು. ನೋಡಿದಳು. ಹುಬ್ಬು ಗಂಟಾಯಿತು.

“ಅಪ್ಪಾ, ಸ್ವಲ್ಪ ಇಲ್ಲಿ ಬಾ.”

ತಾತ ಸ್ಟೂಲಿನಿಂದ ಎದ್ದು ಬಂದ.

“ನಾನು ಕೆಳಗಡೆ ಗುರುತು ಹಾಕಿ ಬಿಚ್ಚಿದೀನಿ. ನೀನು ಮೇಲೆ ಇನ್ನೊಂದು ಎಳೆದಿದೀಯ. ಎರಡು ತುಂಡು ಬೇರೆ ಆದ್ರೆ ಯಾವ ಗೆರೆಗೆ ಯಾವ ಗೆರೆ ಸೇರಿಸ್ಲಿ?” ಅಮ್ಮ ಬೈಯುತ್ತಿರಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದಳು. “ನೀನು ಸುಮ್ನೆ ಕೂತ್ಕೋ ಅಂದಿದ್ನಲ್ಲಪ್ಪಾ.”

ತಾತ ಗೆರೆಯನ್ನು ನೋಡಿದ. ತನ್ನ ಬೆರಳುಗಳನ್ನು ನೋಡಿಕೊಂಡ. ಬೆರಳಲ್ಲಿ ಸುಣ್ಣವಿರಲಿಲ್ಲ.

“ನಾನು ಈ ಕಡೆ ಬಂದ ನೆನಪೇ ಇಲ್ಲ ಕಣಮ್ಮಾ,” ಎಂದ. ಆಮೇಲೆ ತುಂಬ ಸಣ್ಣ ದನಿಯಲ್ಲಿ, “ಇನ್ಯಾರು ಬರ್ತಾರೆ? ನಾನೇ ಇರ್ಬೇಕು,” ಎಂದ.

ತಾತನ ಮುಖದಲ್ಲಿ ಹೆದರಿಕೆ ಇತ್ತು. ದೊಡ್ಡವರು ಹೀಗೆ ಹೆದರುವುದನ್ನು ಗಿರಗಿಟ್ಲೆ ನೋಡಿರಲಿಲ್ಲ.

“ತಾತ ಅಲ್ಲ,” ಎಂದಳು ಅವಳು.

ಇಬ್ಬರೂ ತಿರುಗಿದರು.

“ನಾನು. ಈ ಗೆರೆ ನಾನು ಎಳೆದಿದ್ದು. ಆ ಶಾಫ್ಟೂ ನಾನೇ. ತಾತ ಗೆರೆ ಹಾಕಿದ್ದ. ನಾನೇ ಸೀಮೆಎಣ್ಣೆ ಹಾಕಿ ತಿಕ್ಕಿದೆ. ಎಳೆದು ಆಟ ಆಡ್ದೆ. ಬಿಚ್ಚಿಹೋಯ್ತು. ಹೇಗೋ ಸೇರಿಸಿಬಿಟ್ಟೆ.” ಒಂದೇ ಉಸಿರಿಗೆ ಎಲ್ಲ ಬಂತು. ಕಿವಿಗಳು ಕಾದ ಕಬ್ಬಿಣದ ಹಾಗೆ ಸುಡುತ್ತಿದ್ದವು. ನೆಲದಲ್ಲಿ ಬಿರುಕಿದ್ದಿದ್ದರೆ ಅದರೊಳಗೆ ಹೋಗಿಬಿಡುತ್ತಿದ್ದಳು.

ಬೈಗುಳ ಬೀಳುತ್ತದೆ ಅಂತ ಕಾದಳು. ಒಂದೇಟು ಬಿದ್ದರೂ ಒಳ್ಳೆಯದೇ ಅನ್ನಿಸಿತು.

“ನಾನು ಹಾಕಿದ್ನಾ?” ಎಂದ ತಾತ.

“ಹಾಕಿದ್ದೆ.”

“ನೀನು ನೋಡಿದ್ಯಾ? ನಿನ್ನ ಕಣ್ಣಾರೆ?”

“ನೋಡಿದ್ದೆ ತಾತ. ಬಟ್ಟೇಲಿ ಒರೆಸಿ, ಉದ್ದಕ್ಕೆ ನೀನೇ ಎಳೆದೆ. ಎರಡು ತುಂಡಿನ ಮೇಲೂ ಹೋಗಿತ್ತು.”

“ನಾನು ಎಳೆದೂ ಇಲ್ಲ?”

“ಇಲ್ಲ. ನಾನು.”

ತಾತ ನಕ್ಕುಬಿಟ್ಟ. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಕಣ್ಣಲ್ಲಿ ನೀರು ಬರುವ ಹಾಗೆ. “ಕೇಳಿದ್ಯೇನಮ್ಮಾ? ಹಾಕಿದ್ನಂತೆ. ನಾನು ಆಗ್ಲೇ ಹೇಳ್ದೆ.”

ತಾತ ಬೈಯಲಿಲ್ಲ. ಅವಳ ತಲೆ ಸವರಿ, ನೋಡಿದ್ದಕ್ಕೆ ಶಹಬ್ಬಾಸ್ ಅಂದ. ಗಿರಗಿಟ್ಲೆಗೆ ಆಗಲೇ ಅಳು ಬಂದಿದ್ದು.

ಅಮ್ಮನ ಕಿವಿಗಳೂ ಕೆಂಪಾಗಿದ್ದವು. ಜೇಬಿನಿಂದ ಸೀಮೆಸುಣ್ಣ ತೆಗೆದು, ಅದಕ್ಕೆ ಅಂಟಿದ್ದ ಗ್ರೀಸನ್ನು ಅಂಗಿಯ ತುದಿಯಿಂದ ಮೆಲ್ಲಗೆ ಒರೆಸಿ, ತಾತನ ಕಿವಿಯ ಮೇಲೆ ತಾನೇ ಇಟ್ಟಳು. “ಅಪ್ಪಾ,” ಎಂದಳು.

“ಆಯ್ತು ಬಿಡು. ಈ ಹಳೇ ಟ್ರಕ್ಕಿನ ಗೇರ್‌ಬಾಕ್ಸು ಬಿಚ್ಚೋದು ಯಾವಾಗ? ಗೆರೆ ಎಳೀಬೇಕಲ್ಲ,” ಎಂದ ತಾತ.

ಅಷ್ಟರಲ್ಲಿ ಬೀದಿಯಲ್ಲಿ ನೀರಿನ ಟ್ರಕ್ಕಿನ ಹಾರ್ನ್ ಕೇಳಿತು. ಅಮ್ಮ ಮಗಳ ಕಡೆ ನೋಡಿದಳು. ಈಗ ಅವಳ ಕಣ್ಣು ಗಟ್ಟಿಯಾಗಿತ್ತು.

“ಡ್ರೈವರ್ ಮುಂದೆ ತಾತನ ಬಗ್ಗೆ ಹಾಗೆ ಮಾತಾಡಿದ್ದು ನಾನು. ನಾನೂ ಬರ್ತೀನಿ. ಆದ್ರೆ ಶಾಫ್ಟಿನ ವಿಷಯ ನೀನೇ ಹೇಳ್ಬೇಕು.”

ಗಿರಗಿಟ್ಲೆಗೆ ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಸುಲಭವಾಗಲಿಲ್ಲ. ಡ್ರೈವರ್ ಮಾಮ ಸ್ಟೀರಿಂಗ್ ಹಿಡಿದು ಪೂರ್ತಿ ಕೇಳಿಸಿಕೊಂಡ. “ಹಂಗಾದ್ರೆ ನನ್ನ ಸೊಂಟ ಮುರಿದವಳು ನೀನು,” ಎಂದ. ನಗಲಿಲ್ಲ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ, “ಮೇಸ್ತ್ರೀ, ನನ್ನ ಹಿಂದಿನ ಚಕ್ರ ಬಿಚ್ಚೋದಿದೆ. ಗುರುತು ನೀವೇ ಹಾಕ್ಬೇಕು ಆಯ್ತಾ?”

ಆ ಸಂಜೆ ಗಿರಗಿಟ್ಲೆ ತನ್ನ ಡಬ್ಬಿಯನ್ನು ತಾನೇ ತೊಳೆದಳು. ಒರೆಸಿದಳು. ಮುಚ್ಚಳವನ್ನು ಆಚೆ ಈಚೆ ತಿರುಗಿಸಿ, ನೆಗ್ಗಿಗೆ ನೆಗ್ಗು ಹೊಂದುವ ಜಾಗ ಹುಡುಕಿದಳು. ಅದು ಕಟ್ ಅಂತ ಕೂತಿತು.

ಅವಳ ಜೇಬಿನಲ್ಲಿ ಚಾಕ್ ಚೂರು ಇನ್ನೂ ಇತ್ತು. ಅದನ್ನು ಮುಟ್ಟಿದಳು. ಅಲ್ಲೇ ಬಿಟ್ಟಳು.

ಡಬ್ಬಿ ಹಿಡಿದು ಶೆಡ್ಡಿಗೆ ಹೋಗಿ ತಾತನ ಮುಂದೆ ನಿಂತಳು. “ತಾತ, ಗೆರೆ.”

ತಾತ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದ. ಅವನ ಕೈ ನಡುಗುತ್ತಿತ್ತು. ಗೆರೆ ನಿಧಾನವಾಗಿ ಮುಚ್ಚಳದಿಂದ ಇಳಿಯಿತು, ಡಬ್ಬಿಯ ಮೇಲೆ ಬಂತು. ಅಷ್ಟು ಹೊತ್ತೂ ಗಿರಗಿಟ್ಲೆ ಅಲ್ಲಾಡದೆ ಹಿಡಿದು ನಿಂತಿದ್ದಳು.

ಗೆರೆ ಸೊಟ್ಟಗಿತ್ತು. ಮುಚ್ಚಳದ ಮೇಲೆ ಎಷ್ಟು ಸೊಟ್ಟವೋ ಡಬ್ಬಿಯ ಮೇಲೂ ಅಷ್ಟೇ ಸೊಟ್ಟ. ಎರಡೂ ಸರಿಯಾಗಿ ಸೇರಿದ್ದವು.

ಒಳಗೆ ಹೋಗುವಾಗ ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಬೆರಳು ಗೆರೆಗೆ ತಾಗದ ಹಾಗೆ.