ಚುಕ್ಕೆಯ ಮೇಲೆ ಚುಕ್ಕೆ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ನಿವೃತ್ತ ಪೋಸ್ಟ್‌ಮಾಸ್ಟರರ ಕೈಯಲ್ಲಿ ಕಾರಿನ ಕೀಲಿಯಿತ್ತು. ಅದನ್ನು ಇನ್ಸ್‌ಪೆಕ್ಟರರ ಮೇಜಿನ ಮೇಲಿಟ್ಟು, ಒಂದು ಲೋಟ ನೀರು ಕುಡಿದು, ಆಮೇಲೆ ಬಾಯಿಬಿಟ್ಟರು.

"ಕೀಲಿ ತೆಗ್ದು ಕೈಯಲ್ಲಿ ಹಿಡ್ಕೊಂಡ್ರೂ ಗಾಡಿ ನಿಲ್ಲಲಿಲ್ಲ ಸರ್. ಓಡ್ತಾನೇ ಇತ್ತು."

"ಈಗ?"

"ಗೋಡೆಗೆ ಗುದ್ದಿ ನಿಂತಿದೆ."

"ಯಾರ ಗೋಡೆ?"

"ನಂದೇ."

ಇನ್ಸ್‌ಪೆಕ್ಟರರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಹದಿನೆಂಟು ವರ್ಷದ ನೌಕರಿಯಲ್ಲಿ ಕಾರು ಕಳೆದ ದೂರು ಬರೆದುಕೊಂಡಿದ್ದರು, ಕಾರು ಸುಟ್ಟ ದೂರು ಬರೆದುಕೊಂಡಿದ್ದರು. ಯಜಮಾನನ ಮಾತು ಕೇಳದ ಕಾರಿನ ಮೇಲೆ ಯಾವ ಕಲಂ ಹಾಕಬೇಕೆಂದು ಅವರಿಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ಸ್ಥಳಕ್ಕೆ ಹೋಗುವುದೊಂದೇ ಅವರಿಗೆ ಗೊತ್ತಿದ್ದ ದಾರಿ.

ಹತ್ತೂವರೆಗೆ ದಫೇದಾರರನ್ನೂ ಜೀಪಿನ ಚಾಲಕನನ್ನೂ ಕರೆದುಕೊಂಡು ಹೋದರು. ಇಪ್ಪತ್ತೈದು ವರ್ಷ ಹಳೆಯ ಡೀಸೆಲ್ ಕಾರು ಬಿದ್ದ ಇಟ್ಟಿಗೆಗಳ ಮೇಲೆ ಮೂತಿಯಿಟ್ಟು ನಿಂತಿತ್ತು. ಚಾಲಕ ಬಾನೆಟ್ ಎತ್ತಿ ನೋಡಿದವನೇ ಹುಬ್ಬು ಗಂಟಿಕ್ಕಿದ.

"ಈ ಇಂಜಿನ್‌ಗೆ ಇದು ಇರ್ಬಾರ್ದು ಸರ್."

ಅವನು ತೋರಿಸಿದ್ದು ಶಂಖದ ಹಾಗೆ ಸುರುಳಿ ಸುತ್ತಿದ ಒಂದು ಕಬ್ಬಿಣದ ಗಟ್ಟಿ. "ಟರ್ಬೊ ಇದು. ಇಂಜಿನ್ ಬಿಡೋ ಹೊಗೆಯಿಂದ ತಿರುಗಿ, ಇಂಜಿನ್ ಒಳಗೇ ಗಾಳಿ ತುರುಕುತ್ತೆ. ಆಗ ಗಾಡಿಗೆ ಎಳೆಯೋ ಶಕ್ತಿ ಜಾಸ್ತಿ. ಹಳೇ ಗಾಡೀಲಿ ಇದೆಲ್ಲ ಎಲ್ಲಿತ್ತು?"

"ಅಂದ್ರೆ ಏನೂ ಕಳುವಾಗಿಲ್ಲ."

"ಕಳುವಲ್ಲ ಸರ್. ಯಾರೋ ಸೇರ್ಸಿದಾರೆ."

ಪೋಸ್ಟ್‌ಮಾಸ್ಟರರು ಗಂಟಲು ಸರಿಮಾಡಿಕೊಂಡರು. ಕ್ಲಚ್ ಕೆಲಸಕ್ಕೆಂದು ಕಾರನ್ನು ಮೇಸ್ತ್ರಿಯ ಗ್ಯಾರೇಜಿಗೆ ಬಿಟ್ಟಿದ್ದರು. ನಿನ್ನೆ ಸಂಜೆ ಆ ಕಡೆ ಹೋದಾಗ ಕಾರು ಹೊರಗೇ ಇತ್ತು, ಮೇಸ್ತ್ರಿ ಇರಲಿಲ್ಲ. ಜೇಬಿನಲ್ಲಿ ಎರಡನೇ ಕೀಲಿಯಿತ್ತು, ತಂದುಬಿಟ್ಟರು. ಬೆಳಿಗ್ಗೆ ದಿಬ್ಬ ಹತ್ತಿಸಿ ವಾಪಸು ಬರುವಾಗ ಬಿಳಿ ಹೊಗೆ ಎದ್ದಿತು, ಇಂಜಿನ್ ತನ್ನಷ್ಟಕ್ಕೆ ತಾನೇ ಅರಚತೊಡಗಿತು.

"ಹೇಳಿ ತರ್ಬೇಕಿತ್ತು," ಎಂದು ತಾವೇ ಒಪ್ಪಿಕೊಂಡರು. "ಆದ್ರೆ ಮೇಸ್ತ್ರಿ ಅಂಥವನಲ್ಲ ಸರ್. ನಿಮ್ಮ ಜೀಪು ನೋಡ್ಕೊಳೋದೂ ಅವನೇ ಅಲ್ವಾ?"

ಹೌದು, ಅವನೇ. ಹನ್ನೆರಡು ವರ್ಷದಿಂದ ಅವನೇ. ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಗೂ ಒಂದು ಹಳದಿ ಚುಕ್ಕೆ ಇಡುವುದು ಅವನ ರೂಢಿ. ಚುಕ್ಕೆ ಇಲ್ಲದ ಬೋಲ್ಟು ನನ್ನದಲ್ಲ ಎನ್ನುತ್ತಿದ್ದ. ದಫೇದಾರರು ಸಾಕ್ಷಿಗೆ ಕರೆದ ನೆರೆಮನೆಯ ಪಂಚರ ಎದುರಿಗೆ ಪಂಚನಾಮೆ ಬರೆಯತೊಡಗಿದರು: ಟರ್ಬೊ ಒಂದು, ಮೇಲೆ ಕೊರೆದ ನಂಬರು ಇಂತಿಷ್ಟು, ಬೋಲ್ಟು ನಾಲ್ಕು, ನಾಲ್ಕಕ್ಕೂ ಹಳದಿ ಚುಕ್ಕೆ. ಇನ್ಸ್‌ಪೆಕ್ಟರರು ಬಗ್ಗಿ ನೋಡಿದರು. ಹೊಸ ಹಳದಿಯ ಅಂಚಿನಿಂದ ಇನ್ನೊಂದು ಹಳದಿ ಇಣುಕುತ್ತಿತ್ತು, ಕಾದು ಕಪ್ಪಾದದ್ದು. ಚುಕ್ಕೆಯ ಮೇಲೆ ಚುಕ್ಕೆ.

"ಇದನ್ನೂ ಬರ್ಕೊಳ್ಳಿ," ಎಂದರು. ಯಾಕೆ ಬರೆಯಬೇಕೆಂದು ಅವರಿಗೂ ಗೊತ್ತಿರಲಿಲ್ಲ.

ಹನ್ನೆರಡೂಕಾಲಿಗೆ ಪ್ರಾಣಕ್ಕೆ ಅಪಾಯ ಒಡ್ಡಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಎರಡು ಗಂಟೆಗೆ ಗ್ಯಾರೇಜು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಎದ್ದು ನಿಂತ.

"ಪೋಸ್ಟ್‌ಮಾಸ್ಟರ್ ಗಾಡಿಗೆ ಟರ್ಬೊ ಹಾಕಿದ್ದು ಯಾರು?"

"ನಾನೇ ಸರ್. ಅವ್ರಿಗೇನೂ ಆಗಿಲ್ವಲ್ಲ?"

"ಗೋಡೆಗೆ ಆಯ್ತು. ಅವ್ರು ಹಾಕು ಅಂದಿದ್ರಾ?"

"ಇಲ್ಲ."

"ಮತ್ಯಾಕೆ ಹಾಕ್ದೆ?"

ಮೇಸ್ತ್ರಿ ಕೈಯೊರೆಸುವ ಬಟ್ಟೆಯನ್ನು ಮಡಿಸತೊಡಗಿದ.

"ಎಲ್ಲಿಂದ ತಂದೆ?"

"ಗುಜರಿಯಿಂದ." ಆಮೇಲೆ ಅವನೇ ಒಂದು ಹೆಜ್ಜೆ ಮುಂದೆ ಬಂದ. "ಹೊಗೆ ಯಾವ ಬಣ್ಣ ಇತ್ತು ಸರ್? ಕೀಲಿ ತೆಗೆದ ಮೇಲೂ ಓಡ್ತಾ?"

"ಪ್ರಶ್ನೆ ಕೇಳೋದು ನಾನು."

ತಪ್ಪೊಪ್ಪಿಕೊಂಡವನ ಮುಖದಲ್ಲಿ ಭಯ ಇರಬೇಕಿತ್ತು. ಇವನ ಮುಖದಲ್ಲಿದ್ದದ್ದು ಕಾತರ, ಪರೀಕ್ಷೆಯ ಫಲಿತಾಂಶ ಕಾಯುವವರ ಕಾತರ. ಇನ್ಸ್‌ಪೆಕ್ಟರರ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ಗುಜರಿ ಅಂಗಡಿ ನಡೆಸುವ ಅಕ್ಕ ಜೋರಿನ ಹೆಂಗಸು. ಪೊಲೀಸರನ್ನು ನೋಡಿ ಕುರ್ಚಿಯಿಂದ ಏಳಲೂ ಇಲ್ಲ. ಬಂದ ಸಾಮಾನಿನ ನಂಬರನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿ, ನಂಬರಿನ ಮೇಲೆ ಬೆರಳಿಟ್ಟಳು.

"ಮೇಸ್ತ್ರಿಗೇ ಕೊಟ್ಟಿದ್ದು. ಆದ್ರೆ ಈಗಲ್ಲ, ಎರಡು ವರ್ಷ ಆಯ್ತು. ಮಗಳ ಗಾಡಿಗೆ ಅಂದ. ಬಾಡಿಗೆ ಓಡಿಸ್ತಿದ್ಲಲ್ಲ, ಬೆಟ್ಟದ ರಸ್ತೇಲಿ ಎಳೆಯಲ್ಲ ಅಂತಿದ್ಲಂತೆ." ಪುಸ್ತಕ ಮುಚ್ಚಿದಳು. "ಪಾಪದ ಹುಡುಗಿ. ಆ ಗಾಡಿ ನಿಮ್ಮ ಹತ್ರಾನೇ ಇದ್ಯಲ್ಲ?"

ಇನ್ಸ್‌ಪೆಕ್ಟರರು ನೇರ ಠಾಣೆಗೆ ಜೀಪು ತಿರುಗಿಸಲು ಹೇಳಿದರು.

ನಾಲ್ಕು ಐವತ್ತಕ್ಕೆ ಹಿತ್ತಲಿನ ಜಪ್ತಿ ವಾಹನಗಳ ಸಾಲಿನಲ್ಲಿ ಕೊನೆಯ ಟಾರ್ಪಾಲು ಸರಿಸಿದರು. ಮೇಸ್ತ್ರಿಯ ಮಗಳ ನಜ್ಜುಗುಜ್ಜಾದ ಕಾರು, ಪೋಸ್ಟ್‌ಮಾಸ್ಟರರದ್ದೇ ಮಾದರಿ. ಇಂಜಿನ್ನಿನ ಪಕ್ಕದಲ್ಲಿ ನಾಲ್ಕು ಖಾಲಿ ತೂತುಗಳು. ಅವುಗಳ ಸುತ್ತ ಮಾತ್ರ ತುಕ್ಕಿರಲಿಲ್ಲ.

ಚುಕ್ಕೆಯ ಮೇಲಿನ ಚುಕ್ಕೆ ಈಗ ಅರ್ಥವಾಯಿತು. ಒಂದೇ ಕೈ ಎರಡು ಸಲ ಬಿಗಿ ಮಾಡಿತ್ತು, ಎರಡು ಇಂಜಿನ್ನಿಗೆ. ನಡುವೆ ಒಮ್ಮೆ ಬಿಚ್ಚಿದ್ದು ಇಲ್ಲಿ, ಪೊಲೀಸ್ ಠಾಣೆಯ ಹಿತ್ತಲಿನಲ್ಲಿ.

ದಫೇದಾರರ ಮುಖ ಸಪ್ಪಗಾಗಿತ್ತು. "ಸರ್... ಹೋದ ತಿಂಗಳು ಜೀಪಿನ ಕೆಲಸಕ್ಕೆ ಬಂದಿದ್ದ. ಮಧ್ಯಾಹ್ನ. ಬೋಲ್ಟು ಕಚ್ಕೊಂಡಿದೆ, ಒಂಚೂರು ಹಿಡ್ಕೊಳಿ ಅಂದ. ಹಿಡ್ಕೊಂಡೆ."

"ಇದು ಜೀಪಾ?"

"ಜೀಪಿನ ಪಕ್ಕದಲ್ಲೇ ಇತ್ತು ಸರ್."

ಬೈಯಲು ಬಾಯಿ ತೆರೆದ ಇನ್ಸ್‌ಪೆಕ್ಟರರು ಟಾರ್ಪಾಲನ್ನು ಮತ್ತೆ ಎಳೆದು ಮುಚ್ಚಿದರು. ಒಳಗೆ ಹೋಗಿ ಹಳೆಯ ಕಡತ ತೆಗೆಸಿದರು. ಹದಿನಾಲ್ಕು ತಿಂಗಳ ಹಿಂದಿನ ಅಪಘಾತ. ಬೆಟ್ಟದ ಇಳಿಜಾರು, ಚಾಲಕಿ ಮತ್ತು ಒಬ್ಬ ಪ್ರಯಾಣಿಕ ಸ್ಥಳದಲ್ಲೇ ಸಾವು. ಕಾರಣ: ಚಾಲಕಿಯ ಅತಿವೇಗ ಮತ್ತು ನಿರ್ಲಕ್ಷ್ಯ. ಆರೋಪಿ ಮೃತಪಟ್ಟ ಕಾರಣ ಪ್ರಕರಣ ಮುಕ್ತಾಯ. ಕೆಳಗೆ ಅವರದೇ ರುಜು. ಅದರ ಹಿಂದೆ ಮೇಸ್ತ್ರಿಯ ಮೂರು ಅರ್ಜಿಗಳು. ಮೂರರಲ್ಲೂ ಒಂದೇ ಬೇಡಿಕೆ: ಟರ್ಬೊ ಬಿಚ್ಚಿ ಪರೀಕ್ಷೆ ಮಾಡಿಸಿ. ಮೂರರ ಮೇಲೂ 'ಪರಿಶೀಲಿಸಲಾಗುವುದು'. ಆ ಅಕ್ಷರವೂ ಅವರದೇ. ಕೊನೆಯ ಹಾಳೆ ಹರಾಜಿನ ಆದೇಶ, ಮಾರ್ಚ್ ಹದಿನಾಲ್ಕಕ್ಕೆ. ಅವರಿಗೆ ನಾಚಿಕೆಯಾಯಿತು, ಕೂತಲ್ಲೇ ಕಿವಿ ಬಿಸಿಯಾಯಿತು.

ಮಾರ್ಚ್ ಹನ್ನೆರಡು, ಬೆಳಿಗ್ಗೆ ಹತ್ತು. ಎಫ್‌ಐಆರ್‌ಗೆ ಕಳವಿನ ಕಲಂ ಸೇರಿತ್ತು. ಮೇಸ್ತ್ರಿಯನ್ನು ಪೋಸ್ಟ್‌ಮಾಸ್ಟರರ ಅಂಗಳಕ್ಕೆ ಕರೆತಂದರು. ಅವನು ಏನನ್ನೂ ಮುಚ್ಚಿಡಲಿಲ್ಲ.

"ಹರಾಜಾದ್ರೆ ಕರಗಿಸ್ಬಿಡ್ತಾರೆ ಸರ್, ಅದಕ್ಕೇ ಬಿಚ್ಕೊಂಡು ಹೋದೆ. ಅದೇ ಇಂಜಿನ್ ಇರೋ ಗಾಡಿ ಸುತ್ತಮುತ್ತ ಇದೊಂದೇ. ಗ್ಯಾರೇಜಲ್ಲೇ ನಿಲ್ಸಿ ಓಡ್ಸಿ ನೋಡಿ, ಬಿಚ್ಚಿಬಿಡೋಣ ಅಂತಿದ್ದೆ. ಎಣ್ಣೆ ತರೋಕೆ ಹೋಗಿ ಬರೋಷ್ಟ್ರಲ್ಲಿ ಇವ್ರು ತಗೊಂಡು ಹೋಗಿದ್ರು. ಸಂಜೆ ಮನೆಗೆ ಬಂದಿದ್ದೆ, ಬೀಗ ಹಾಕಿತ್ತು."

"ಫೋನ್ ಮಾಡಬಹುದಿತ್ತು."

"ಮಾಡಬಹುದಿತ್ತು." ಅವನು ತಲೆ ತಗ್ಗಿಸಿದ. "ಓಡಿದ್ರೆ ಗೊತ್ತಾಗುತ್ತಲ್ಲ ಅಂತ ಒಂದು ಗಳಿಗೆ ಅನ್ನಿಸ್ತು ಸರ್. ಅದು ತಪ್ಪು. ಅವ್ರೂ ಸಾಯ್ತಿದ್ರು."

ಪೋಸ್ಟ್‌ಮಾಸ್ಟರರು ತಮ್ಮ ಮುರಿದ ಗೋಡೆಯ ಮೇಲೆ ಹಾಗೇ ಕುಳಿತುಬಿಟ್ಟರು.

"ಏನು ನೋಡ್ಬೇಕಿತ್ತು ನಿಂಗೆ?" ಎಂದರು ಇನ್ಸ್‌ಪೆಕ್ಟರ್.

"ಆ ಪೈಪು ಬಿಚ್ಚಿ ಸರ್. ಟರ್ಬೊದಿಂದ ಇಂಜಿನ್‌ಗೆ ಗಾಳಿ ಹೋಗೋದು. ಅದು ಒಣಗಿರ್ಬೇಕು. ಟರ್ಬೊ ಒಳಗಿನ ಸೀಲು ಹೋಗಿದ್ರೆ ಎಣ್ಣೆ ನುಗ್ಗುತ್ತೆ. ಇಂಜಿನ್ ಆ ಎಣ್ಣೇನೇ ಕುಡ್ದು ಓಡುತ್ತೆ, ಡೀಸೆಲ್ ನಿಲ್ಸಿದ್ರೂ ನಿಲ್ಲಲ್ಲ. ಹಳೇದು ಅಂತ ಗೊತ್ತಿದ್ದೂ ನಾನೇ ಕೈಯಾರೆ ಹಾಕಿದ್ದು ಅವಳ ಗಾಡಿಗೆ."

"ಪೈಪು ಒಣಗಿದ್ರೆ ನಿನ್ನ ತಪ್ಪೇನೂ ಇಲ್ಲ ಅಂತಾಯ್ತು."

"ಹೌದು ಸರ್. ಎಲ್ಲಾ ಅವಳದೇ ಅಂತಾಗುತ್ತೆ."

ಯಾವ ಕಡೆಗೆ ಹಾರೈಸಬೇಕೆಂದು ಇನ್ಸ್‌ಪೆಕ್ಟರರಿಗೆ ತಿಳಿಯಲಿಲ್ಲ. ಪಂಚರನ್ನು ಹತ್ತಿರ ಕರೆದರು. ಚಾಲಕ ಕ್ಲಿಪ್ಪು ಸಡಿಲಿಸಿ ಪೈಪು ಎಳೆದ. ಕಪ್ಪು ಎಣ್ಣೆ ದಳದಳನೆ ಇಟ್ಟಿಗೆಯ ಮೇಲೆ ಸುರಿಯಿತು.

ಮೇಸ್ತ್ರಿ ಬಗ್ಗಿ ಒಂದು ಬೆರಳು ಅದ್ದಿ ನೋಡಿದ. ಅವನ ಭುಜಗಳು ಇಳಿದವು. "ಬರೀರಿ ಸರ್," ಎಂದ. "ಎಣ್ಣೆ ಇತ್ತು ಅಂತ ಬರೀರಿ."

ದಫೇದಾರರು ಬರೆದರು. ಪಂಚರು ರುಜು ಹಾಕಿದರು. ಟರ್ಬೊವನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆಯೊತ್ತಿ, ಪ್ರಯೋಗಾಲಯಕ್ಕೆ ಕಳಿಸಲು ಇಟ್ಟರು. ಹಳೆಯ ಪ್ರಕರಣದ ಮರುತನಿಖೆಗೆ ನ್ಯಾಯಾಲಯದ ಅನುಮತಿ ಕೋರುವ ಪತ್ರವನ್ನು ಇನ್ಸ್‌ಪೆಕ್ಟರರು ಅಲ್ಲೇ ಕಾರಿನ ಬಾನೆಟ್ಟಿನ ಮೇಲೆ ತಾವೇ ಬರೆದರು. ಈ ಸಲ ಅದರಲ್ಲಿ 'ಪರಿಶೀಲಿಸಲಾಗುವುದು' ಎಂಬ ಮಾತಿರಲಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ಬಂಧನ. ದಸ್ತಗಿರಿ ಪತ್ರದಲ್ಲಿ ಒಂದು ಸಾಲು ಖಾಲಿ ಉಳಿದಿತ್ತು.

"ಯಾರಿಗೆ ತಿಳಿಸ್ಬೇಕು?"

"ಮನೆಯವಳಿಗೆ." ಮೇಸ್ತ್ರಿ ಎಣ್ಣೆಯ ಬೆರಳನ್ನು ಒರೆಸಿಕೊಳ್ಳದೆ ಹಾಗೇ ಹಿಡಿದಿದ್ದ. "ಹದಿನಾಲ್ಕು ತಿಂಗಳಾಯ್ತು, ಮಗಳ ಫೋಟೋ ಗೋಡೆಗೆ ತಿರುಗಿಸಿ ಇಟ್ಟಿದಾಳೆ. ಗಾಡೀಲಿದ್ದವನ ಮನೇನೂ ಹಾಳು ಮಾಡಿ ಹೋದ್ಲು ಅಂತ. ನೀವೇ ಹೇಳಿ ಸರ್, ನಾನು ಹೇಳಿದ್ರೆ ನಂಬಲ್ಲ."

ಇನ್ಸ್‌ಪೆಕ್ಟರರು ಫೋನ್ ಹಚ್ಚಿದರು. ಗಂಡನನ್ನು ಬಂಧಿಸಲಾಗಿದೆ ಎಂದರು, ಕಲಮುಗಳನ್ನು ಹೇಳಿದರು. ಪೈಪಿನಲ್ಲಿ ಸಿಕ್ಕ ಎಣ್ಣೆಯ ವಿಷಯವನ್ನೂ ನಿಧಾನವಾಗಿ ಬಿಡಿಸಿ ಹೇಳಿದರು. ಆಮೇಲೆ ಆಕೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಹಾಗಾದ್ರೆ ನನ್ನ ಮಗಳು ಬ್ರೇಕ್ ಹಿಡಿದಿದ್ಲಾ?"

"ಹಿಡಿದೇ ಇರ್ತಾಳಮ್ಮ," ಎಂದರು ಇನ್ಸ್‌ಪೆಕ್ಟರ್.