ಈಡಾ ಯಾರ ಕಡೆ?

ಯಲಹಂಕದ ಆ ಥಿಯೇಟರಿನಲ್ಲಿ ಅವತ್ತು ಬೆಳಿಗ್ಗೆ ಏಳು ಗಂಟೆಯ ಆಟಕ್ಕೆ ಬಂದಿದ್ದವರು ಒಟ್ಟು ಒಂಬತ್ತು ಜನ. ಇಂಗ್ಲಿಷಿನ ‘ಗ್ರೇ ಹೆರಾನ್’ ಊರೆಲ್ಲ ಹೌಸ್‌ಫುಲ್ ಓಡುತ್ತಿದ್ದರೆ, ಅದರ ಕನ್ನಡ ಅವತರಣಿಕೆಗೆ ಸಿಕ್ಕಿದ್ದು ದಿನಕ್ಕೊಂದೇ ಆಟ, ಅದೂ ಹಾಲು ಪೇಪರಿನವರು ಓಡಾಡುವ ಹೊತ್ತಿನಲ್ಲಿ. ಕನ್ನಡದಲ್ಲೇ ನೋಡುತ್ತೇನೆಂದು ಹಟ ಹಿಡಿದವರಿಗೆ ಇಷ್ಟು ಶಿಕ್ಷೆ ಸಾಲದೇ?

ಕೊನೆಯ ದೃಶ್ಯದಲ್ಲಿ ಹೀರೋ ಸಮುದ್ರದಲ್ಲಿ ಮುಳುಗಿಹೋದ. ಲೈಟ್‌ಹೌಸಿನ ಹುಡುಗಿ ಈಡಾ ದೀಪ ಹಚ್ಚಿಟ್ಟು, ಕೈಯಲ್ಲೊಂದು ತಗಡಿನ ಲೋಟ ಹಿಡಿದು ದಡದಲ್ಲಿ ಒಬ್ಬಳೇ ನಿಂತಳು. ಸಂಹಿತಾಳ ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದುಕೊಂಡ ಸದ್ದಾಯಿತು. ತಿರುಗಿ ನೋಡಿದಳು. ಉದ್ದನೆಯ ಆಸಾಮಿ, ಅಂಗಿಯ ತುಂಬ ನಾಯಿಯ ಕೂದಲು, ಕಣ್ಣು ಕೆಂಪು.

“ನೆಗಡಿ,” ಅಂದ ಅವನು.

“ಗೊತ್ತಾಗತ್ತೆ,” ಅಂದಳು ಇವಳು. “ಕ್ಲೈಮ್ಯಾಕ್ಸಿಗೆ ಸರಿಯಾಗಿ ಶುರುವಾಗೋ ನೆಗಡಿ ನಂಗೂ ಇದೆ.”

ಆ ಒಂಬತ್ತರಲ್ಲಿ ಆರು ಜನ ಎದುರಿನ ದರ್ಶಿನಿಯಲ್ಲಿ ಇಡ್ಲಿ ತಿನ್ನುತ್ತಲೇ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡರು. ಹೆಸರು ‘ಕನ್ನಡದಲ್ಲೇ ನೋಡ್ತೀವಿ’. ಅಡ್ಮಿನ್ ಮತ್ತಿಕೆರೆಯ ಸಮರ್ಥ, ಇಂಜಿನಿಯರಿಂಗ್ ಓದುವವನು, ಓದಿಗಿಂತ ಗಂಟಲು ದೊಡ್ಡದು. ನೆಗಡಿಯವನು ನಿರಂಜನ, ಸಂಜಯನಗರದ ಒಂದು ಕ್ಲಿನಿಕ್ಕಿನಲ್ಲಿ ನಾಯಿ ಬೆಕ್ಕುಗಳ ಡಾಕ್ಟರು. ಸಂಹಿತಾ ಹೆಬ್ಬಾಳದ ಇನ್ಶೂರೆನ್ಸ್ ಆಫೀಸೊಂದರಲ್ಲಿ ದಿನವಿಡೀ ಫೋನಿಗೆ ಉತ್ತರ ಕೊಡುವವಳು.

ಪ್ರತಿ ಭಾನುವಾರ ಬೆಳಿಗ್ಗೆ ಹೆಬ್ಬಾಳ ಕೆರೆಯ ಹತ್ತಿರ, ಮುನಿವೆಂಕಟಮ್ಮನ ಟೀ ಗಾಡಿಯ ಮುಂದೆ ಇವರ ಸಭೆ. ‘ಗ್ರೇ ಹೆರಾನ್’ ಎಂಬ ಹೀರೋ ಹೆಸರನ್ನು ಕನ್ನಡದಲ್ಲಿ ‘ಬೂದು ಬಕ’ ಎನ್ನಬೇಕೋ ಬೇಡವೋ ಎಂಬುದಕ್ಕೇ ಮೂರು ವಾರ ಜಗಳವಾಗಿತ್ತು. ನಿರಂಜನ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಯಾವುದೋ ನಾಯಿ ಸಾಕ್ಸು ನುಂಗಿರುತ್ತಿತ್ತು, ಯಾವುದೋ ಬೆಕ್ಕು ಬಾಲ್ಕನಿಯಿಂದ ಬಿದ್ದಿರುತ್ತಿತ್ತು. ಸಂಹಿತಾ ಅವನ ಪಾಲಿನ ಟೀ ತೆಗೆದುಕೊಂಡು, ಲೋಟದ ಮೇಲೊಂದು ಬನ್ ಮುಚ್ಚಿ ಕಲ್ಲುಬೆಂಚಿನ ಮೇಲಿಟ್ಟಿರುತ್ತಿದ್ದಳು. ಅವನು ಏದುಸಿರು ಬಿಡುತ್ತ ಬಂದ ಕೂಡಲೇ ಅವಳದ್ದು ಒಂದೇ ಮಾತು.

“ಬಂದ್ಯಾ? ಟೀ ಆರೋಯ್ತು ನೋಡು.”

“ಓಗ್ಲಿ ಬಿಡವ್ವಾ, ಬಿಸೀದು ಇನ್ನೊಂದ್ ಆಕ್ಕೊಡ್ತೀನಿ,” ಎಂದು ಮುನಿವೆಂಕಟಮ್ಮ ಗಾಡಿಯಿಂದಲೇ ಕೂಗುತ್ತಿದ್ದಳು.

“ಬೇಡಮ್ಮ, ನಂಗೆ ಆರಿದ್ದೇ ಇಷ್ಟ,” ಅನ್ನುತ್ತಿದ್ದ ನಿರಂಜನ.

ಅವನು ಬನ್ ಎತ್ತುತ್ತ ಇವಳನ್ನು ನೋಡುತ್ತಿದ್ದ. ಇವಳು ಕೆರೆಯನ್ನು ನೋಡುತ್ತಿದ್ದಳು. ಅವನು ಕೆರೆಯ ಕಡೆ ತಿರುಗಿದ ಮೇಲೆ ಇವಳು ಅವನನ್ನು ನೋಡುತ್ತಿದ್ದಳು. ಆರಿದ ಟೀ ಲೋಕದಲ್ಲಿ ಯಾರಿಗೂ ಇಷ್ಟವಿಲ್ಲವೆಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಆದರೂ ಎರಡು ವರ್ಷದಲ್ಲಿ ಆಗಿದ್ದು ಇಷ್ಟೇ: ‘ನೀವು’ ಹೋಗಿ ‘ನೀನು’ ಬಂದಿತ್ತು. ಮುಂದಿನ ಮಾತನ್ನು ಯಾರು ಮೊದಲು ಆಡಬೇಕು ಎಂಬಲ್ಲಿಗೆ ನಿಂತಿತ್ತು.

ಅಷ್ಟರಲ್ಲಿ ಎರಡನೇ ಭಾಗದ ಟ್ರೈಲರ್ ಬಂತು. ಅದರಲ್ಲಿ ಹೀರೋ ಬದುಕಿದ್ದಾನೆಂಬ ಸುಳಿವಿತ್ತು, ಈಡಾ ಮಾತ್ರ ಕಪ್ಪು ಕೋಟು ಹಾಕಿಕೊಂಡು ಶತ್ರುವಿನ ಪಕ್ಕದಲ್ಲಿ ನಿಂತಿದ್ದಳು.

“ಮುಗೀತು ಮಗಾ, ಈಡಾ ಕೈ ಕೊಟ್ಲು,” ಅಂದ ಸಮರ್ಥ.

“ನಿಂತಿರೋದು ಕಾಣ್ಸತ್ತೆ. ಯಾಕೆ ನಿಂತಿದ್ದಾಳೆ ಅಂತ ಟ್ರೈಲರ್ ಹೇಳಲ್ವಲ್ಲ ಗುರು,” ಅಂದ ನಿರಂಜನ.

“ಹಂಗಿದ್ರೆ ಹೀರೋಗೆ ಒಂದ್ ಮಾತು ಹೇಳ್ಬೋದಿತ್ತಲ್ವಾ?”

“ಹೇಳಕ್ಕಾಗ್ದೇ ಇರೋದಕ್ಕೂ ಕಾರಣ ಇರತ್ತೆ ಕಣೋ. ಸುಮ್ನಿದ್ದಾಳೆ ಅಂದ ಮಾತ್ರಕ್ಕೆ ಮರ್ತಿದ್ದಾಳೆ ಅಂತಲ್ಲ.” ನಿರಂಜನ ಸಂಹಿತಾಳ ಕಡೆ ತಿರುಗಿದ. “ನೀನೇನಂತೀಯ?”

“ಕಾಯ್ತಿದ್ದಾಳೆ,” ಅಂದಳು ಸಂಹಿತಾ, ಅವನ ಕಣ್ಣು ನೋಡಿಯೇ. “ಬರೆದುಕೊಡ್ತೀನಿ ಬೇಕಾದ್ರೆ.”

ನಾಲ್ವರು ಒಂದು ಕಡೆ, ಇವರಿಬ್ಬರೇ ಈಡಾಳ ಕಡೆ. ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ಸಂಹಿತಾಳಿಗೆ ನಗು ತಡೆಯಲಾಗಲಿಲ್ಲ.

ಬುಧವಾರ ಆಫೀಸಿಗೆ ಒಂದು ಫೋನ್ ಬಂತು. ಪಾಲಿಸಿಯ ಕಂತಿನ ಬಗ್ಗೆ ಕೇಳಲು ಮಾಡಿದ ಹಿರಿಯರು ಕಂತನ್ನು ಮರೆತು, “ಅಮ್ಮಾ, ಇನ್ನೊಂದೆರಡು ಮಾತಾಡಿ,” ಅಂದರು. ಅವರು ಸುಬ್ರಹ್ಮಣ್ಯ, ಆರ್.ಟಿ. ನಗರದ ತಮ್ಮ ಮನೆಯಲ್ಲೇ ಡಬ್ಬಿಂಗ್ ಸ್ಟುಡಿಯೋ ಇಟ್ಟವರು. ಶನಿವಾರ ದನಿ ಪರೀಕ್ಷೆ ಮಾಡಿದರು. ಆಮೇಲೆ ಕೊಟ್ಟ ಪಾತ್ರದ ಹೆಸರು ಕೇಳಿ ಸಂಹಿತಾ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮೊದಲ ಭಾಗದಲ್ಲಿ ಈಡಾಳಿಗಿದ್ದದ್ದು ನಾಲ್ಕೇ ಮಾತು, ಆ ದನಿ ಯಾರಿಗೂ ನೆನಪಿರಲಿಲ್ಲ. ಎರಡನೇ ಭಾಗದ ಕನ್ನಡದ ಈಡಾ ಇವಳು.

ಜೊತೆಗೊಂದು ಕಾಗದಕ್ಕೂ ಸಹಿ ಹಾಕಿಸಿಕೊಂಡರು. ಸಿನಿಮಾ ಬಿಡುಗಡೆಯಾಗುವವರೆಗೆ ಕಥೆಯನ್ನಾಗಲಿ, ತಾನು ದನಿ ಕೊಟ್ಟ ಸಂಗತಿಯನ್ನಾಗಲಿ ಯಾರ ಹತ್ತಿರವೂ ಬಾಯಿಬಿಡುವಂತಿಲ್ಲ. “ಒಂದ್ ಮಾತು ಆಚೆ ಹೋದ್ರೂ ಕಂಪನಿಯವ್ರು ಕನ್ನಡದ ಕೆಲಸವೇ ನಿಲ್ಲಿಸ್ತಾರಮ್ಮ,” ಅಂದರು ಸುಬ್ರಹ್ಮಣ್ಯ. ಏಳು ಗಂಟೆಯ ಆ ಒಂದು ಆಟವನ್ನೇ ಹಟ ಹಿಡಿದು ನೋಡಿದವಳಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಬೇಕಿರಲಿಲ್ಲ.

ಆಫೀಸಿಗೆ ರಜೆ ಇದ್ದದ್ದು ಭಾನುವಾರ, ರೆಕಾರ್ಡಿಂಗೂ ಭಾನುವಾರವೇ. ಕೆರೆಯ ಹತ್ತಿರ ಬರಲಾಗದ್ದಕ್ಕೆ ಅವಳು ಕೋಗಿಲಿನ ತುಂಗಾ ದೊಡ್ಡಮ್ಮನಿಗೆ ಬಾಯಿಮಾತಲ್ಲೇ ಹುಷಾರಿಲ್ಲದಂತೆ ಮಾಡಿದಳು. ಪಾಪ, ದೊಡ್ಡಮ್ಮ ಗುಂಡುಕಲ್ಲಿನಂತೆ ಓಡಾಡಿಕೊಂಡಿದ್ದರು. ಗ್ರೂಪಿನಲ್ಲಿ ಈಡಾಳ ಬಗ್ಗೆ ದಿನಕ್ಕೆ ಇನ್ನೂರು ಮೆಸೇಜು ಬಿದ್ದರೂ ಇವಳಿಂದ ಒಂದಕ್ಷರವಿಲ್ಲ. “ಎಲ್ಲಿ ನಮ್ಮ ಪಾರ್ಟಿಯವ್ಳು?” ಎಂದು ನಿರಂಜನ ಕೇಳಿದ್ದಕ್ಕೆ ಒಂದು ನಗುಮುಖ ಕಳಿಸಿ ಸುಮ್ಮನಾದಳು.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಭಾನುವಾರ ರೆಕಾರ್ಡಿಂಗ್ ಇರಲಿಲ್ಲ. ಕುಣಿಯುತ್ತ ಕೆರೆಗೆ ಬಂದರೆ, ಎರಡು ವರ್ಷದಲ್ಲಿ ಮೊದಲ ಸಲ ನಿರಂಜನ ಅವಳಿಗಿಂತ ಮುಂಚೆ ಬಂದು ಕೂತಿದ್ದ. ಉಳಿದವರಿನ್ನೂ ಬಂದಿರಲಿಲ್ಲ. ಅವಳ ಲೋಟದ ಮೇಲೆ ಬನ್ ಮುಚ್ಚಿಟ್ಟಿದ್ದ.

“ಹೋದ ವಾರ ಕೋಗಿಲಲ್ಲಿದ್ದೆ ಅಂದ್ಯಲ್ಲ?”

“ಹ್ಞೂಂ.”

“ಅವತ್ತು ಆರ್.ಟಿ. ನಗರಕ್ಕೆ ಒಂದು ಲ್ಯಾಬ್ರಡಾರ್ ನೋಡಕ್ಕೆ ಹೋಗಿದ್ದೆ. ನೀನು ಒಂದು ಮನೆ ಗೇಟಿಂದ ಆಚೆ ಬರ್ತಿದ್ದೆ. ತುಂಬಾ ಖುಷಿಯಾಗಿದ್ದೆ.”

ಬನ್ನಿನ ಕಡೆ ಚಾಚಿದ ಕೈಯನ್ನು ಸಂಹಿತಾ ಹಿಂದಕ್ಕೆ ತೆಗೆದುಕೊಂಡಳು.

“ಯಾಕೆ, ಯಾರು ಅಂತ ಕೇಳಲ್ಲ. ಕೇಳೋ ಹಕ್ಕು ನಂಗಿನ್ನೂ ಇಲ್ಲ.” ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದ. “ಈಡಾ ಬಗ್ಗೆ ಮಾತ್ರ ಹೇಳು. ಅವತ್ತು ಅಷ್ಟು ಗಟ್ಟಿಯಾಗಿ ಹೇಳ್ದೆ. ಈಗ್ಲೂ ಕಾಯ್ತಿದ್ದಾಳಾ?”

ಬೇರೆ ಯಾವ ಹುಡುಗಿಯಾದರೂ ಈ ಪ್ರಶ್ನೆಯೊಳಗಿನ ಪ್ರಶ್ನೆಯನ್ನು ಕಣ್ಣುಮುಚ್ಚಿ ಹಿಡಿಯುತ್ತಿದ್ದಳು. ಸಂಹಿತಾಳ ತಲೆಯಲ್ಲಿ ಮಾತ್ರ ಆ ಕಾಗದವೇ ಕೂತಿತ್ತು. ಈಡಾಳ ಹೆಸರು ಕಿವಿಗೆ ಬಿದ್ದದ್ದೇ ತಡ, ಕಳ್ಳಿ ಸಿಕ್ಕಿಬಿದ್ದಂತೆ ಗಾಬರಿಯಾದಳು.

“ಈಡಾ ಬಗ್ಗೆ ನಾನೇನೂ ಹೇಳಕ್ಕಾಗಲ್ಲ ನಿರಂಜನ. ದಯವಿಟ್ಟು ಕೇಳ್ಬೇಡ.”

ಅವನು ಲೋಟ ಕೆಳಗಿಟ್ಟು ಎದ್ದು ನಿಂತ. “ಸರಿ. ಅರ್ಥ ಆಯ್ತು,” ಅಂದ. ಆಮೇಲೆ ತುಂಬ ಮೆತ್ತಗೆ, “ನೀವು ಟೀ ಕುಡೀರಿ. ಆರೋಗತ್ತೆ.”

ನೀವು.

ಅವನ ಸ್ಕೂಟರ್ ಫ್ಲೈಓವರ್ ಕಡೆ ತಿರುಗಿದ ಮೇಲೆ ಅವಳಿಗೆ ಹೊಳೆಯಿತು, ಅವನು ಕೇಳಿದ್ದು ಸಿನಿಮಾದವಳ ಬಗ್ಗೆಯಲ್ಲ ಎಂದು. ಅವತ್ತೇ ಸಂಜೆ ಫೋನ್ ಮಾಡಿದಳು. “ಹೇಳಿ ಸಂಹಿತಾ ಅವ್ರೇ,” ಅಂದಿತು ಆ ಕಡೆಯ ದನಿ, ಲಸಿಕೆಯ ತಾರೀಖು ಹೇಳುವಷ್ಟು ಮರ್ಯಾದೆಯಿಂದ. ಪ್ರೀತಿಯ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಅದರ ಹಿಂದೆಯೇ ಆರ್.ಟಿ. ನಗರದ ಗೇಟಿನ ಪ್ರಶ್ನೆ ಬರುತ್ತದೆ, ಅದಕ್ಕೆ ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ. ಸುಳ್ಳಿನ ಜೊತೆಗಿಟ್ಟು ಆ ಮಾತನ್ನು ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

“ಒಂದು ವಿಷಯ ಹೇಳ್ಬೇಕಿತ್ತು. ಈಗಾಗಲ್ಲ. ಸಿನಿಮಾ ಬಂದ್ಮೇಲೆ...”

“ಸಿನಿಮಾ ಬಿಡಿ,” ಅಂದ ಅವನು. ಹಿಂದೆ ಒಂದು ನಾಯಿಮರಿ ಕುಂಯ್‌ಗುಡುತ್ತಿತ್ತು. “ಪೇಷೆಂಟ್ ಇದೆ. ಇಡ್ತೀನಿ.”

ರಾತ್ರಿಯೂಟಕ್ಕೆ ಮುಂಚೆ ಗ್ರೂಪಿನಲ್ಲಿ ಅವನದೊಂದು ಮೆಸೇಜು ಬಿತ್ತು: ‘ಸಮರ್ಥ ಹೇಳಿದ್ದೇ ಸರಿ. ಈಡಾ ಆ ಕಡೆ ಹೋಗಿದ್ದಾಳೆ.’ ಗಂಡಸರ ನ್ಯಾಯವೇ ಹೀಗೆ. ಪರದೆಯ ಮೇಲಿನವಳು ಸುಮ್ಮನಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಪಕ್ಕದಲ್ಲಿ ಕೂತವಳು ಸುಮ್ಮನಿದ್ದರೆ ಮರೆತಿದ್ದಾಳೆ.

ಆಮೇಲೆ ರೆಕಾರ್ಡಿಂಗ್ ಇಲ್ಲದ ಭಾನುವಾರಗಳಲ್ಲೆಲ್ಲ ಅವಳು ಕೆರೆಗೆ ಹೋಗಿ ಎರಡು ಟೀ ತೆಗೆದುಕೊಂಡು ಕೂರುತ್ತಿದ್ದಳು. ಸ್ಕೂಟರಿನ ಸದ್ದಾದಾಗಲೆಲ್ಲ ತಿರುಗುತ್ತಿದ್ದಳು. ನೀರಿನಂಚಿನಲ್ಲಿ ಬೂದು ಬಕವೊಂದು ಒಂಟಿ ಕಾಲಲ್ಲಿ ನಿಂತೇ ಇರುತ್ತಿತ್ತು. ಸಮರ್ಥ ಬರುತ್ತಿದ್ದ, ಉಳಿದವರೂ ಬರುತ್ತಿದ್ದರು, ನಿರಂಜನ ಮಾತ್ರ ಬರಲಿಲ್ಲ.

“ಆ ಬನ್ನು ನೀನೇ ತಿನ್ಬುಡವ್ವಾ,” ಅಂದಳು ಒಂದು ದಿನ ಮುನಿವೆಂಕಟಮ್ಮ. “ಇರುವೆ ಅತ್ಕತದೆ.”

ಸಂಹಿತಾ ತಿಂದಳು.

ದಸರೆಯ ಮುಂಚಿನ ವಾರ ಕೊನೆಯ ದೃಶ್ಯದ ರೆಕಾರ್ಡಿಂಗ್. ಕಥೆ ಸೋರಿಹೋಗಬಾರದೆಂದು ಕಂಪನಿಯವರು ಚಿತ್ರವನ್ನೆಲ್ಲ ಕಪ್ಪು ಮಾಡಿಯೇ ಕಳಿಸುತ್ತಿದ್ದರು. ಮಾತಾಡುವವರ ಮುಖದ ಮೇಲೆ ಮಾತ್ರ ಒಂದು ದುಂಡನೆಯ ಬೆಳಕು. ಆ ದುಂಡಿನೊಳಗೆ ಈಡಾಳ ತುಟಿಯಿತ್ತು, ಗಲ್ಲದ ಹತ್ತಿರ ತಗಡಿನ ಲೋಟದ ಅಂಚಿತ್ತು. ಎದುರಿಗೆ ಹೀರೋ ಬಂದು ನಿಂತಿದ್ದಾನೆ ಎಂದು ಸುಬ್ರಹ್ಮಣ್ಯ ಹೇಳಿದರು. ಅಲ್ಲಿ ಬರೀ ಕತ್ತಲೆ ಕಾಣುತ್ತಿತ್ತು.

ಬರೆದುಕೊಟ್ಟ ಮಾತು: ‘ನಾನು ಇಷ್ಟು ಕಾಲ ನಿನಗಾಗಿ ಕಾಯುತ್ತಿದ್ದೆನು.’ ಆರು ಸಲ ಹೇಳಿದಳು. ಆರು ಸಲವೂ ಶಾಲೆಯ ನಾಟಕದಂತೆ ಬಂತು.

“ಸಾರ್, ಕಾದಿರೋರು ಯಾರೂ ಹೀಗೆ ಮಾತಾಡಲ್ಲ,” ಅಂದಳು.

ಸುಬ್ರಹ್ಮಣ್ಯ ಫ್ಲಾಸ್ಕಿನಿಂದ ಮಜ್ಜಿಗೆ ಬಗ್ಗಿಸಿಕೊಂಡರು. “ಹೇಗೆ ಮಾತಾಡ್ತಾರೋ ಹಾಗೇ ಹೇಳಮ್ಮ. ಅವಳ ತುಟಿ ಅಲ್ಲಾಡೋದಕ್ಕೆ ಸರಿಯಾಗಿ ಕೂತ್ರೆ ಸಾಕು. ಮತ್ತೆ ಇಷ್ಟು ದಿನ ಮಾಡಿದ ಆ ಒರಟು ದನಿ ಇಲ್ಲಿ ಬೇಡ. ಇಲ್ಲಿ ಅವಳು ವೇಷ ಕಳಚಿದ್ದಾಳೆ. ನಿನ್ನ ದನೀಲೇ ಹೇಳು.”

ಸಂಹಿತಾ ಆ ಕತ್ತಲೆಯನ್ನು ನೋಡಿದಳು. ಅಲ್ಲಿ ಅಂಗಿಗೆ ನಾಯಿಕೂದಲು ಮೆತ್ತಿಕೊಂಡು, ಏದುಸಿರು ಬಿಡುತ್ತ ಯಾರು ಬಂದು ನಿಂತಿರಬೇಕೋ ಅವನನ್ನು ತಂದು ನಿಲ್ಲಿಸಿಕೊಂಡಳು. ಒಂದೇ ಸಲಕ್ಕೆ ಮಾತು ತುಟಿಗೆ ಕೂತಿತು. ಮಜ್ಜಿಗೆಯ ಲೋಟ ಸುಬ್ರಹ್ಮಣ್ಯರ ಕೈಯಲ್ಲೇ ಉಳಿಯಿತು. ಅವಳು ಬಾತ್ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಕಾರ್ತಿಕದ ಒಂದು ಶುಕ್ರವಾರ ಬಿಡುಗಡೆ. ಅದೇ ಥಿಯೇಟರು, ಅದೇ ಬೆಳಿಗ್ಗೆ ಏಳು ಗಂಟೆ. ಈ ಸಲ ಒಂಬತ್ತು ಜನವಲ್ಲ, ಕನ್ನಡದ ಆಟಕ್ಕೆ ಹಾಲ್ ತುಂಬಿತ್ತು. ಸಮರ್ಥ ಆರು ಸೀಟು ಸಾಲಾಗಿ ತೆಗೆದಿದ್ದ. ಸಂಹಿತಾಳ ಎಡಕ್ಕಿದ್ದ ಸೀಟು ಖಾಲಿ. ದೀಪ ಆರಿತು, ಸಿನಿಮಾ ಶುರುವಾಯಿತು, ಸೀಟು ಖಾಲಿಯೇ ಇತ್ತು. ಅವನು ಬರುವುದಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹತ್ತು ನಿಮಿಷವಾದ ಮೇಲೆ ಕತ್ತಲಲ್ಲಿ ಎಲ್ಲರ ಕಾಲು ತುಳಿಯುತ್ತ ಉದ್ದನೆಯ ಆಸಾಮಿಯೊಂದು ಬಂದು ಕೂತಿತು.

“ಕ್ಷಮಿಸಿ,” ಅಂದ ಅವನು.

“ಪರವಾಗಿಲ್ಲ,” ಅಂದಳು ಅವಳು.

ಎರಡು ಗಂಟೆ. ಸೀಟುಗಳ ನಡುವಿನ ಒಂದೇ ಕೈಯಾನಿಕೆಯ ಮೇಲೆ ಇಬ್ಬರೂ ಕೈಯಿಡಲಿಲ್ಲ. ಪರದೆಯ ಮೇಲೆ ಕಪ್ಪು ಕೋಟಿನ ಈಡಾ ಒರಟು ದನಿಯಲ್ಲಿ ಗುಡುಗಿದಾಗಲೆಲ್ಲ ಸಮರ್ಥ, “ನಾನ್ ಹೇಳಿರ್ಲಿಲ್ವಾ ಮಗಾ!” ಎಂದು ಕೂಗುತ್ತಿದ್ದ. ನಿರಂಜನ ಒಂದು ಸಲವೂ ತಲೆಯೆತ್ತಲಿಲ್ಲ. ಅವನ ಉಸಿರು ಕೇಳುವಷ್ಟು ಹತ್ತಿರ ಕೂತು ಅವನಿಲ್ಲದೆ ಇರುವುದು, ಕೆರೆಯ ದಡದಲ್ಲಿ ಒಬ್ಬಳೇ ಇದ್ದುದಕ್ಕಿಂತ ಕಷ್ಟವಾಗಿತ್ತು.

ಕೊನೆಗೆ ಗುಟ್ಟು ಬಯಲಾಯಿತು. ಈಡಾ ಶತ್ರುವಿನ ಮನೆಯೊಳಗಿದ್ದುಕೊಂಡೇ ಹೀರೋ ಬದುಕಿ ಬರಲು ದಾರಿ ಮಾಡಿದ್ದಳು. ಒಂದು ಮಾತು ಹೊರಗೆ ಬಿದ್ದಿದ್ದರೂ ಅವನು ಉಳಿಯುತ್ತಿರಲಿಲ್ಲ, ಅದಕ್ಕೇ ಸುಮ್ಮನಿದ್ದಳು. ಸಮರ್ಥನ ಬಾಯಿ ಬಂದ್ ಆಯಿತು. ಲೈಟ್‌ಹೌಸಿನ ದಡದಲ್ಲಿ, ಕೋಟು ಕಳಚಿ, ತಗಡಿನ ಲೋಟ ಹಿಡಿದು ಈಡಾ ನಿಂತಿದ್ದಳು. ನೀರಿನಿಂದ ಹೀರೋ ಎದ್ದು ಬಂದ. ಹಾಲ್ ಉಸಿರು ಬಿಗಿಹಿಡಿಯಿತು. ಸಂಹಿತಾ ಕಣ್ಣು ಮುಚ್ಚಿಕೊಂಡಳು.

“ಬಂದ್ಯಾ?” ಅಂದಳು ಈಡಾ. “ಟೀ ಆರೋಯ್ತು ನೋಡು.”

ಚಪ್ಪಾಳೆ, ಶಿಳ್ಳೆ. ಮುನ್ನೂರು ಜನ ಪರದೆ ನೋಡುತ್ತಿದ್ದರು. ಒಬ್ಬ ಮಾತ್ರ ಪರದೆಗೆ ಬೆನ್ನು ತಿರುಗಿಸಿ ಪಕ್ಕದವಳನ್ನು ನೋಡುತ್ತಿದ್ದ.

ಅವಳು ಕಣ್ಣು ಬಿಟ್ಟಳು. ಅವನ ಮುಖದ ಮೇಲೆ ಸಮುದ್ರದ ನೀಲಿ ಬೆಳಕು ಅಲ್ಲಾಡುತ್ತಿತ್ತು.

“ಆರ್.ಟಿ. ನಗರ,” ಅಂದ.

ಅವಳು ತಲೆಯಾಡಿಸಿದಳು.

“ಹೇಳಕ್ಕಾಗಲ್ಲ ಅಂದಿದ್ದು...”

“ಸಹಿ ಹಾಕಿದ್ದೆ ಕಣೋ. ನಿಜವಾಗ್ಲೂ ಹೇಳೋ ಹಾಗಿರ್ಲಿಲ್ಲ.”

“ನಾನು ಎಂಥ ದಡ್ಡ. ಸಮರ್ಥನ ಪಾರ್ಟಿ ಸೇರ್ಬಿಟ್ಟೆ.” ಅವನ ಕಣ್ಣು ತುಂಬಿತ್ತು. ಈ ಸಲ ನೆಗಡಿಯ ಮೇಲೆ ಹಾಕಲಿಲ್ಲ. “ಎಷ್ಟು ಹೊತ್ತಾಯ್ತು ಟೀ ಆರಿ?”

“ನಾಲ್ಕು ತಿಂಗಳು.”

ಕೈಯಾನಿಕೆಯ ಮೇಲೆ ಅವನ ಕೈ ಬಂತು. ಅವಳ ಬೆರಳು ಹುಡುಕಿಕೊಂಡಿತು.

“ನಂಗೆ ಆರಿದ್ದೇ ಇಷ್ಟ ಅಂತ ನಿಂಗೊತ್ತಲ್ಲ,” ಅಂದ ನಿರಂಜನ. “ಕೊಡು.”